ಸೊನ್ನೆಯ ಆಚೆಯ ಸಂಖ್ಯೆಗಳು

ಎಣಿಕೆಯ ಸಂಖ್ಯೆಗಳನ್ನು ಮಗುವು ಶಾಲೆಗೆ ಬರುವ ಮೊದಲೇ ಅಷ್ಟಿಷ್ಟು ಬಲ್ಲದು. ಕೈಬೆರಳುಗಳು, ಹುಣಿಸೆಯ ಬೀಜಗಳು, ಕೊಟ್ಟಿಗೆಯ ದನಗಳು ಅದಕ್ಕೆ ಆ ಪಾಠವನ್ನು ಕಲಿಸಿರುತ್ತವೆ. ಆದರೆ ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಒಂದು ದಿನ, ಸೊನ್ನೆಗಿಂತಲೂ ಕಡಿಮೆಯಾದ ಸಂಖ್ಯೆಗಳುಂಟು ಎಂಬ ಮಾತನ್ನು ಅದು ಕೇಳುತ್ತದೆ. ಏನೂ ಇಲ್ಲದುದಕ್ಕಿಂತ ಕಡಿಮೆಯಾದುದು ಯಾವುದು? ಸಹಜವಾದ ಈ ಸಂದೇಹಕ್ಕೆ ಉತ್ತರ ದೊರೆಯುವ ಮೊದಲೇ ಎಷ್ಟೋ ತರಗತಿಗಳಲ್ಲಿ ‘ಋಣವನ್ನು ಋಣದಿಂದ ಗುಣಿಸಿದರೆ ಧನ’ ಎಂಬ ಸೂತ್ರವು ಕರಿಹಲಗೆಯ ಮೇಲೆ ಮೂಡುತ್ತದೆ. ಮಕ್ಕಳು ಅದನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಗಣಿತವೆಂದರೆ ಪಾಲಿಸಬೇಕಾದ ಅಪ್ಪಣೆಯೇ ಹೊರತು ತಿಳಿಯಬೇಕಾದ ವಿಷಯವಲ್ಲ ಎಂಬ ಭಾವನೆ ಅವರಲ್ಲಿ ಬೇರೂರುವುದು ಇಂತಹ ಸಂದರ್ಭದಲ್ಲಿಯೇ. ಪೂರ್ಣಾಂಕಗಳ ಪಾಠದಲ್ಲಿ ಅರ್ಥವು ಮೊದಲು ಬರಬೇಕು, ಸೂತ್ರವು ಅದನ್ನು ಹಿಂಬಾಲಿಸಬೇಕು.

ಮಕ್ಕಳ ಈ ಸಂದೇಹವನ್ನು ಮಂದಬುದ್ಧಿಯ ಲಕ್ಷಣವೆಂದು ಬಗೆಯಬಾರದು. ಮಹಾಪಂಡಿತರೂ ಇಲ್ಲಿ ತಡವರಿಸಿದ್ದಾರೆ. ಇಟಲಿಯ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಮೀಕರಣಗಳ ಋಣ ಮೂಲಗಳನ್ನು ಕಲ್ಪಿತವೆಂದು ಕರೆದನು. ಫ್ರಾನ್ಸಿನ ದೇಕಾರ್ತನು 1637ರಲ್ಲಿ ಅವುಗಳಿಗೆ ಸುಳ್ಳು ಮೂಲಗಳೆಂಬ ಹೆಸರನ್ನಿತ್ತನು. ಇಂತಹ ಧೀಮಂತರನ್ನು ಕಾಡಿದ ವಿಚಾರವನ್ನು ಹನ್ನೆರಡು ವರ್ಷದ ಬಾಲಕನು ಒಂದೇ ಗಂಟೆಯಲ್ಲಿ ಮರುಮಾತಿಲ್ಲದೆ ಒಪ್ಪಬೇಕೆಂಬುದು ನ್ಯಾಯವೇ?

ಈ ವಿಷಯದಲ್ಲಿ ನಮಗೆ ಒಂದು ಅನುಕೂಲವುಂಟು. ಈ ಸಂಖ್ಯೆಗಳ ಅರ್ಥವು ಅವುಗಳ ಹೆಸರಿನಲ್ಲಿಯೇ ಅಡಗಿದೆ. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದ ಬ್ರಹ್ಮಗುಪ್ತನು ಧನ, ಋಣ, ಶೂನ್ಯ ಈ ಮೂರನ್ನೂ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಆ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇವನ್ನು ವಿವರಿಸಿ, ಋಣ ಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಾರಣಸಹಿತವಾಗಿ ಹೇಳಿದನು.

ಸಾಲದ ಲೆಕ್ಕವನ್ನು ತಿಳಿಯದ ಮನೆ ನಮ್ಮಲ್ಲಿ ಯಾವುದಿದೆ? ಕೈಯಲ್ಲಿ ಕಾಸಿಲ್ಲದವನು ಅಂಗಡಿಯಲ್ಲಿ ಐದು ರೂಪಾಯಿಯ ಬೆಲ್ಲವನ್ನು ಉದ್ದರಿ ತಂದರೆ ಅವನ ಸ್ಥಿತಿ ಸೊನ್ನೆಗಿಂತ ಐದು ಕೆಳಗಾಯಿತು. ಅದೇ −5. ಐದು ರೂಪಾಯಿ ಗಳಿಸಿ ಬಾಕಿಯನ್ನು ತೀರಿಸಿದರೆ ಅವನು ಮರಳಿ ಸೊನ್ನೆಗೆ ಬರುತ್ತಾನೆ. ಹೀಗೆ ಒಂದನ್ನೊಂದು ಕೂಡಿದಾಗ ಸೊನ್ನೆಯಾಗುವ ಸಂಖ್ಯೆಗಳೇ ಪರಸ್ಪರ ವಿರುದ್ಧ ಸಂಖ್ಯೆಗಳು. −8 ದೊಡ್ಡದೋ −3 ದೊಡ್ಡದೋ ಎಂದು ಕೇಳಿದರೆ ಎಂಟನ್ನು ಕಂಡು ಮೋಸಹೋಗುವ ವಿದ್ಯಾರ್ಥಿಗಳು ಬಹಳ. ಎಂಟು ರೂಪಾಯಿ ಸಾಲವಿರುವವನ ಸ್ಥಿತಿ ಮೇಲೋ, ಮೂರು ರೂಪಾಯಿ ಸಾಲವಿರುವವನದು ಮೇಲೋ ಎಂದು ಕೇಳಿದರೆ ಅವರೇ ಸರಿಯಾದ ಉತ್ತರವನ್ನು ಕೊಡುತ್ತಾರೆ.

ಸಾಲದ ಲೆಕ್ಕವೊಂದೇ ಸಾಲದು, ಸಂಖ್ಯಾರೇಖೆಯೂ ಬೇಕು. ಶಾಲೆಯ ಅಂಗಳದಲ್ಲಿ ಉದ್ದನೆಯ ಗೆರೆಯೊಂದನ್ನು ಎಳೆದು, ನಡುವೆ ಸೊನ್ನೆಯನ್ನು ಗುರುತಿಸಿ, ಒಬ್ಬನು ಬಲಕ್ಕೆ ಐದು ಹೆಜ್ಜೆ, ಇನ್ನೊಬ್ಬನು ಎಡಕ್ಕೆ ಐದು ಹೆಜ್ಜೆ ನಡೆಯಲಿ. ಇಬ್ಬರೂ ಸೊನ್ನೆಯಿಂದ ಸಮದೂರದಲ್ಲಿದ್ದಾರೆ. ದಿಕ್ಕು ಮಾತ್ರ ಬೇರೆ. ಐದರ ವಿರುದ್ಧ ಸಂಖ್ಯೆ −5 ಆದರೆ, −5ರ ವಿರುದ್ಧ ಸಂಖ್ಯೆ ಐದೇ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಸೊನ್ನೆಗೆ ತಾನೇ ವಿರುದ್ಧ. ಇದೇ ಗೆರೆಯನ್ನು ನೆಟ್ಟಗೆ ನಿಲ್ಲಿಸಿದರೆ ಉಷ್ಣಮಾಪಕವಾಗುತ್ತದೆ. ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದರೆ ಬೆಟ್ಟಗಳ ಎತ್ತರವನ್ನೂ, ಆ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಕೇರಳದ ಕುಟ್ಟನಾಡಿನ ಗದ್ದೆಗಳನ್ನೂ ಅದರ ಮೇಲೆ ಗುರುತಿಸಬಹುದು.

ಇಷ್ಟು ಮನದಟ್ಟಾದ ಮೇಲೆ ಸೂತ್ರಗಳು ತಾವಾಗಿಯೇ ಹೊರಹೊಮ್ಮುತ್ತವೆ. ಸಾಲಗಾರನ ಲೆಕ್ಕದಿಂದ ಐದು ರೂಪಾಯಿ ಸಾಲವನ್ನು ಹೊಡೆದುಹಾಕಿದರೆ ಅವನಿಗೆ ಐದು ರೂಪಾಯಿ ದೊರೆತಂತೆಯೇ ಸರಿ. ಆದುದರಿಂದ ಋಣವನ್ನು ಕಳೆಯುವುದೆಂದರೆ ಧನವನ್ನು ಕೂಡುವುದು. ಐದೈದು ರೂಪಾಯಿಯ ಮೂರು ಸಾಲಗಳನ್ನು ಹೀಗೆ ಕಳೆದರೆ ಹದಿನೈದು ರೂಪಾಯಿ ಲಾಭ. −3 ಮತ್ತು −5ರ ಗುಣಲಬ್ಧವು 15 ಆಗುವ ಮರ್ಮ ಇದೇ. ಆದರೆ ಸಾಲವನ್ನು ಸಾಲದಿಂದಲೇ ಗುಣಿಸುವುದೆಂದರೆ ಅದಕ್ಕೆ ಅರ್ಥವಿಲ್ಲ. ಇಲ್ಲಿ −5 ಎಂಬುದು ಸಾಲವನ್ನು ಸೂಚಿಸಿದರೆ, −3 ಎಂಬುದು ಎಷ್ಟು ಸಾಲಗಳು ಕಳೆದವೆಂಬುದನ್ನು ಸೂಚಿಸುತ್ತದೆ. ಈ ಭೇದವನ್ನು ಉಪಾಧ್ಯಾಯರು ಮುಚ್ಚಿಡದೆ ಹೇಳಬೇಕು. ಯಾವ ಹೋಲಿಕೆಗಾದರೂ ಒಂದು ಮಿತಿಯುಂಟೆಂದು ತಿಳಿಯುವುದೂ ಕಲಿಕೆಯ ಒಂದು ಭಾಗವೇ.

ಇಷ್ಟೆಲ್ಲ ವಿವರಿಸಲು ಸಮಯವೆಲ್ಲಿದೆ, ಪರೀಕ್ಷೆಗೆ ಸೂತ್ರವೇ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಪಠ್ಯಕ್ರಮದ ಭಾರ ನಿಜವಾದುದೇ. ಆದರೆ ಅರ್ಥವಿಲ್ಲದೆ ಕಲಿತ ಸೂತ್ರವು ತನ್ನ ಎಲ್ಲೆಯನ್ನು ಅರಿಯದು. ಗುಣಾಕಾರದ ನಿಯಮವನ್ನು ಸಂಕಲನಕ್ಕೂ ಹಚ್ಚಿ, −2 ಮತ್ತು −3 ಸೇರಿದರೆ 5 ಎಂದು ಬರೆಯುವ ವಿದ್ಯಾರ್ಥಿಯು ಸೂತ್ರವನ್ನು ಮರೆತವನಲ್ಲ. ಅದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡವನು. ಎರಡು ಸಾಲಗಳು ಸೇರಿ ಸಂಪತ್ತಾಗುವುದುಂಟೇ ಎಂದು ಅವನು ಒಮ್ಮೆ ತನ್ನನ್ನೇ ಕೇಳಿಕೊಂಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಮುಂದೆ ಬೀಜಗಣಿತದ ಪ್ರತಿಯೊಂದು ಹೆಜ್ಜೆಯೂ ಈ ಬುನಾದಿಯ ಮೇಲೆಯೇ ನಿಲ್ಲಬೇಕು. ಇಲ್ಲಿ ಉಳಿಸಿದ ನಾಲ್ಕು ದಿನಗಳಿಗಾಗಿ ಅಲ್ಲಿ ಹಲವು ತಿಂಗಳುಗಳ ಬೆಲೆಯನ್ನು ತೆರಬೇಕಾಗುತ್ತದೆ.

ಸೊನ್ನೆಯ ಆಚೆಗೆ ಏನಿದೆ ಎಂದು ಕೇಳುವ ಮಗುವು ಬ್ರಹ್ಮಗುಪ್ತನೂ ಮಹಾವೀರಾಚಾರ್ಯನೂ ನಡೆದ ದಾರಿಯಲ್ಲಿ ಮೊದಲ ಹೆಜ್ಜೆಯನ್ನು ಇಡುತ್ತಿದೆ. ಆ ಪ್ರಶ್ನೆಗೆ ಆದರದಿಂದ ಉತ್ತರವೀಯುವುದು ಉಪಾಧ್ಯಾಯರ ಕರ್ತವ್ಯ. ಉತ್ತರವು ತಿಳಿಯುವವರೆಗೂ ಸಂಕೋಚವಿಲ್ಲದೆ ಕೇಳುವುದು ವಿದ್ಯಾರ್ಥಿಗಳ ಹಕ್ಕು.