ಕಪಾಟು ಕೀಳುವ ಮುನ್ನ ಒಂದು ಡಬ್ಬಿ ಬಣ್ಣ

ಕೈಮರ ದಾಟಿ, ಬಾಬಾಬುಡನ್‌ಗಿರಿಯ ದಾರಿ ಹಿಡಿದು ಅತ್ತಿಗುಂಡಿ ತಲುಪುವಷ್ಟರಲ್ಲಿ ಗಾಳಿಯ ಗುಣವೇ ಬೇರೆಯಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಇಂಥ ಹವೆಯಲ್ಲಿ ತಲೆಮಾರು ಕಳೆದರೂ ಅಲುಗದೆ ನಿಂತ ಮರದ ಕಪಾಟುಗಳನ್ನು ಕಿತ್ತು, ಪೇಟೆಯಿಂದ ತಂದ ಮಾಡ್ಯುಲರ್ ಕಿಚನ್ ಕೂರಿಸುವ ಆಸೆ ಕಾಫಿ ಸೀಮೆಯ ಮನೆಗಳಿಗೂ ಹತ್ತಿದೆ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಮನೆ ರಿಪೇರಿಯ ಮಾತು ಏಳುವುದು ಸಹಜ. ಆದರೆ ಅಡುಗೆಮನೆಯ ಮಟ್ಟಿಗೆ ಆ ಖರ್ಚಿನ ಬಹುಪಾಲು ಬೇಕಿಲ್ಲ. ಹಳೆಯ ಕಪಾಟಿಗೆ ಬೇಕಾದದ್ದು ಬಣ್ಣ, ಮತ್ತು ಬಣ್ಣಕ್ಕಿಂತ ಮೊದಲು ಒಂದಿಷ್ಟು ದಿನಗಳ ತಾಳ್ಮೆ.

ಮಲೆನಾಡಿನ ಹಳೆಯ ಅಡುಗೆಮನೆಯ ಬಾಗಿಲು, ಕಪಾಟು, ನಾಗಂದಿಗೆಗಳಿಗೆ ಬಳಸಿದ್ದು ಹೆಚ್ಚಾಗಿ ಹಲಸು, ಮತ್ತಿ, ಹೊನ್ನೆ. ಅನುಕೂಲವಿದ್ದವರ ಮನೆಯಲ್ಲಿ ತೇಗ, ಬೀಟೆ. ಆಚಾರಿಗಳು ಇವನ್ನು ಕೊಯ್ದು, ವರ್ಷಗಟ್ಟಲೆ ಒಣಗಿಸಿ, ಚೌಕಟ್ಟು ಕಟ್ಟಿ ಹಲಗೆ ಕೂರಿಸುತ್ತಿದ್ದರು. ಈಗ ಅಗ್ಗದ ದರದಲ್ಲಿ ಬರುವ ಸಿದ್ಧ ಕಪಾಟುಗಳ ಒಡಲಲ್ಲಿರುವುದು ಬಹುಪಾಲು ಪಾರ್ಟಿಕಲ್ ಬೋರ್ಡ್ ಅಥವಾ ಎಂ.ಡಿ.ಎಫ್: ಮರದ ಪುಡಿ, ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಮೇಲಿನ ಲ್ಯಾಮಿನೇಟ್ ಎಷ್ಟೇ ಹೊಳೆಯಲಿ, ಸಿಂಕಿನ ಕೆಳಗಿನ ಒಂದು ಅಂಚಿನಲ್ಲಿ ನೀರು ಇಳಿದರೆ ಸಾಕು, ಹಲಗೆ ಉಬ್ಬಿಕೊಳ್ಳುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಅದರಲ್ಲಿ ಸ್ಕ್ರೂ ಹಿಡಿತ ನಿಲ್ಲುವುದಿಲ್ಲ. ನೀರಿಗೆ ಜಗ್ಗದ ಪ್ಲೈವುಡ್ ಬೇಕೆನ್ನುವವರು ಐ.ಎಸ್. 710 ಗುರುತಿನ ಮರೀನ್ ದರ್ಜೆಯನ್ನೇ ಕೇಳಿ ಕೊಳ್ಳಬೇಕು, ಅದರ ದರ ಬೇರೆಯೇ. ಮನೆಯಲ್ಲಿ ಈಗಾಗಲೇ ಗಟ್ಟಿ ಮರವಿರುವಾಗ ಅದನ್ನು ಸೌದೆಗೆ ಹಾಕಿ ಪುಡಿಯ ಹಲಗೆ ತರುವುದು ನಷ್ಟದ ವ್ಯಾಪಾರ.

ಲೆಕ್ಕ ಹಾಕಿ ನೋಡಬಹುದು. ಎಂಟು ಬಾಗಿಲುಗಳ ಸಾಧಾರಣ ಅಡುಗೆಮನೆ ಎಂದುಕೊಳ್ಳೋಣ. ಒಂದೊಂದು ಬಾಗಿಲು ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಎರಡೂ ಮೈ ಸೇರಿ ಬಾಗಿಲಿಗೆ 10 ಚದರ ಅಡಿ, ಎಂಟಕ್ಕೆ 80. ಚೌಕಟ್ಟು, ಅಂಚುಗಳಿಗೆ ಇನ್ನೊಂದು 20. ಒಂದು ಲೀಟರ್ ಎನಾಮೆಲ್ ಒಂದು ಸಲ ಹಚ್ಚಲು ನೂರು ಚದರ ಅಡಿಗೆ ಧಾರಾಳವಾಗಿ ಸಾಲುತ್ತದೆ. ಅಂದರೆ ಒಂದು ಲೀಟರ್ ವುಡ್ ಪ್ರೈಮರ್, ಎರಡು ಲೀಟರ್ ಎನಾಮೆಲ್, ಎರಡು ಒಳ್ಳೆಯ ಬ್ರಷ್, ಮೂರ್ನಾಲ್ಕು ಬಗೆಯ ಉಪ್ಪುಕಾಗದ, ಸ್ವಲ್ಪ ವುಡ್ ಪುಟ್ಟಿ. ಎಲ್ಲ ಸೇರಿ ಒಂದು ಕೈಚೀಲದ ಸಾಮಾನು. ಬಣ್ಣ ಬೆರೆಸುವ ಯಂತ್ರದಲ್ಲಿ ತಯಾರಾದ ಛಾಯೆ ಒಂದೊಂದು ಸಲಕ್ಕೆ ಒಂದಿಷ್ಟು ಬದಲಾಗುವುದುಂಟು. ಗುಡ್ಡದ ಮೇಲಿರುವವರು ಚಿಕ್ಕಮಗಳೂರಿಗೆ ಇಳಿದಾಗ ಪೂರ್ತಿ ಬೇಕಾಗುವಷ್ಟನ್ನು ಒಂದೇ ಸಲ ತರುವುದು ಒಳ್ಳೆಯದು.

ಹಣ ಉಳಿಯುವುದು ಡಬ್ಬಿಯ ಬೆಲೆಯಲ್ಲಲ್ಲ, ತೊಳೆಯುವ ಕೆಲಸದಲ್ಲಿ. ಬಹಳ ಮಂದಿ ಎಡವುವುದೂ ಇಲ್ಲೇ. ಉಜ್ವಲಾ ಯೋಜನೆ 2016ರಲ್ಲಿ ಬಂದು ಗ್ಯಾಸ್ ಸಿಲಿಂಡರ್ ಹಳ್ಳಿಹಳ್ಳಿಗೆ ತಲುಪಿತು, ನಿಜ. ಆದರೂ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಗ್ಯಾಸಿನ ಪಕ್ಕದಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತಿದೆ. ಮಳೆಗಾಲದಲ್ಲಿ ಅದು ಅಡುಗೆಗೂ ಬೇಕು, ಬೆಚ್ಚಗಿನ ಮೂಲೆಗೂ ಬೇಕು. ಅದರ ಇಲ್ಲಣ, ಒಗ್ಗರಣೆಯ ಎಣ್ಣೆಯ ಆವಿ, ಮೀನು ಹುರಿದ ಜಿಡ್ಡು ಎಲ್ಲ ಸೇರಿ ಕಪಾಟಿನ ಮೇಲೆ ಕೈಗೆ ಅಂಟುವ ಕಂದು ಪದರ ಕಟ್ಟಿರುತ್ತದೆ. ಆ ಪದರದ ಮೇಲೆ ಯಾವ ದುಬಾರಿ ಬಣ್ಣ ಹಚ್ಚಿದರೂ ಮುಂದಿನ ಮಳೆಗಾಲದ ಹೊತ್ತಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಆಮೇಲೆ ಬೈಗುಳ ತಿನ್ನುವುದು ಬಣ್ಣದ ಕಂಪನಿ.

ಮೊದಲು ಬಾಗಿಲುಗಳನ್ನು ಕೀಲು ಸಮೇತ ಬಿಚ್ಚಬೇಕು. ಯಾವ ಬಾಗಿಲು ಎಲ್ಲಿಯದು ಎಂದು ಕೀಲು ಕೂರುವ ಜಾಗದಲ್ಲೇ ಸೀಸದಕಡ್ಡಿಯಲ್ಲಿ ಅಂಕಿ ಬರೆದಿಟ್ಟರೆ ಮತ್ತೆ ಜೋಡಿಸುವಾಗ ಪರದಾಟವಿಲ್ಲ. ಕೈಗೆ ರಬ್ಬರ್ ಗವಸು ಹಾಕಿಕೊಂಡು, ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಒರಟು ಬಟ್ಟೆ ಅದ್ದಿ ತಿಕ್ಕಬೇಕು. ಸೋಡಾದ ಅಂಶ ಉಳಿಯದಂತೆ ಎರಡು ಸಲ ಬರಿ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಜಿಡ್ಡು ಹೋಗುವ ಮೊದಲೇ ಉಪ್ಪುಕಾಗದ ಹಿಡಿದು ಉಜ್ಜಿದರೆ ಜಿಡ್ಡು ಮರದೊಳಕ್ಕೇ ಇಳಿಯುತ್ತದೆ. ಗುತ್ತಿಗೆಗೆ ಬಂದ ಪೇಂಟರ್‌ಗಳು ದಿನ ಉಳಿಸಲು ಮೊಟಕುಗೊಳಿಸುವುದು ಈ ಹಂತವನ್ನೇ. ಮನೆಯವರು ಇಷ್ಟನ್ನು ತಾವೇ ಮಾಡಿಕೊಂಡು, ಬ್ರಷ್‌ನ ಕೆಲಸವನ್ನು ಮಾತ್ರ ಪೇಂಟರ್‌ಗೆ ಬಿಟ್ಟರೂ ಕೂಲಿಯಲ್ಲಿ ದೊಡ್ಡ ಉಳಿತಾಯ.

ಉಜ್ಜುವ ಉದ್ದೇಶ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆಯುವುದಲ್ಲ. ಹೊಳಪು ಮುರಿದು, ಹೊಸ ಬಣ್ಣಕ್ಕೆ ಹಿಡಿತ ಸಿಗುವಷ್ಟು ಒರಟು ಮಾಡುವುದು. ಈ ಹಂತದಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ಎಚ್ಚರಿಕೆಯೊಂದಿದೆ. ಹಳೆಯ ಎನಾಮೆಲ್‌ನಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿದ್ದು 2016ರ ನವೆಂಬರ್‌ನಲ್ಲಿ, ಅದು ಜಾರಿಗೆ ಬಂದದ್ದು ಒಂದು ವರ್ಷದ ನಂತರ. ಅಮೆರಿಕ ಮನೆಗಳ ಸೀಸದ ಬಣ್ಣವನ್ನು 1978ರಲ್ಲೇ ನಿಷೇಧಿಸಿತ್ತು. ಈ ನಡುವಿನ ದಶಕಗಳಲ್ಲಿ ನಮ್ಮ ಬಾಗಿಲು, ತೊಟ್ಟಿಲು, ಕಪಾಟುಗಳಿಗೆ ಬಳಿದ ಕಡು ಹಸಿರು, ಹಳದಿ, ಕೆಂಪಿನಲ್ಲಿ ಏನಿತ್ತೆಂದು ಡಬ್ಬಿ ನೋಡಿ ಹೇಳುವಂತಿರಲಿಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷದ ಬಗ್ಗೆ ದೇಶವನ್ನು ಎಚ್ಚರಿಸಲು ದಶಕಗಳ ಕಾಲ ದುಡಿದವರು. ಆ ಎಚ್ಚರ ಮಲೆನಾಡಿನ ಅಡುಗೆಮನೆಯವರೆಗೂ ಬರಬೇಕು.

2017ಕ್ಕಿಂತ ಹಿಂದಿನ ಬಣ್ಣವನ್ನೆಲ್ಲ ಸೀಸವಿರುವುದೆಂದೇ ಭಾವಿಸುವುದು ಕ್ಷೇಮ. ಒಣಗಿದ್ದಂತೆ ಉಜ್ಜಿ ಧೂಳೆಬ್ಬಿಸಬಾರದು. ನೀರು ಚಿಮುಕಿಸಿ, ವಾಟರ್ ಪೇಪರಿನಿಂದ ಒದ್ದೆಯಲ್ಲೇ ಉಜ್ಜಬೇಕು. ಮಕ್ಕಳು, ಬಸುರಿಯರು ಆ ಹತ್ತಿರ ಸುಳಿಯಬಾರದು. ಕೆಳಗೆ ಹಾಸಿದ ಪ್ಲಾಸ್ಟಿಕ್ಕನ್ನು ಅದರಲ್ಲಿ ಬಿದ್ದ ಕೆಸರಿನ ಸಮೇತ ಸುತ್ತಿ ಕಟ್ಟಬೇಕೇ ಹೊರತು ಬಾವಿಕಟ್ಟೆಯ ಬಳಿಯೋ ತರಕಾರಿ ಪಾತಿಗೋ ಚೆಲ್ಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಿತ್ತುಹಾಕಿದ ಬಣ್ಣದ ಹಲಗೆ ಬಚ್ಚಲೊಲೆಗೆ ಹೋಗಬಾರದು. ಇಲ್ಲಿ ಸ್ನಾನದ ನೀರು ಕಾಯುವುದು ಇಂಥ ಹಳೆಯ ತುಂಡುಗಳಿಂದಲೇ. ಅದರ ಹೊಗೆ ಮನೆಯೊಳಗೆ ಸುತ್ತುತ್ತದೆ, ಅದರ ಬೂದಿ ಪಾತ್ರೆ ತಿಕ್ಕಲೂ ಗಿಡದ ಬುಡಕ್ಕೂ ಹೋಗುತ್ತದೆ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದನ್ನು ಕೆದಕದೆ ಮೇಲೊಂದು ಹೊಸ ಪದರ ಹಚ್ಚುವುದೇ ಅತ್ಯಂತ ಅಗ್ಗದ, ಅತ್ಯಂತ ಸುರಕ್ಷಿತ ದಾರಿ. ಕಪಾಟು ಕೀಳಬೇಡಿ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಹಲಸಿನ ಮರಕ್ಕೆ ಬಿಳಿ ಹಚ್ಚುವವರಿಗೆ ಇನ್ನೊಂದು ಮಾತು. ಹಲಸಿನ ಚೇಗಿನಿಂದ ತೆಗೆದ ಹಳದಿಯಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು, ಅಷ್ಟು ಬಣ್ಣ ಬಿಡುವ ಮರ ಅದು. ತಿಳಿ ಬಣ್ಣದಡಿಯಿಂದ ಹಳದಿಯೋ ಹೊಗೆಯ ಕಲೆಯೋ ಮೇಲೆದ್ದರೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಒಂದು ತೆಳು ಕೋಟು ಅದನ್ನು ತಡೆಯುತ್ತದೆ. ಈ ಅರಗಿಗೂ ನಮ್ಮ ನಾಡಿಗೂ ಹಳೆಯ ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ ಸಂಸ್ಥೆ.

ಹಳೆಯ ಬಾಗಿಲಿನ ರಚನೆಯನ್ನೂ ಗಮನಿಸಬೇಕು. ಚೌಕಟ್ಟಿನ ಸೀಳಿನಲ್ಲಿ ಕೂತ ನಡುಹಲಗೆಗೆ ಆಚಾರಿ ಅಂಟು ಹಾಕಿರುವುದಿಲ್ಲ. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆ ಓಡಾಟಕ್ಕೆ ಬಿಟ್ಟ ಜಾಗ ಅದು. ಚೆಂದ ಕಾಣಲೆಂದು ಆ ಸಂದಿಗೆ ಪುಟ್ಟಿ ತುಂಬಿದರೆ ಪುಟ್ಟಿ ಸಿಡಿಯುತ್ತದೆ, ಇಲ್ಲವೇ ಹಲಗೆಯೇ ಸೀಳುತ್ತದೆ. ಪುಟ್ಟಿ ಬೇಕಿರುವುದು ಮೊಳೆಯ ತೂತಿಗೆ, ಹಳೆಯ ಹಿಡಿಯ ಗುರುತಿಗೆ ಮಾತ್ರ. ಬಾಗಿಲಿನ ಒಳಮೈ, ಕೆಳಗಿನ ಅಂಚು, ಮೇಲಿನ ಅಂಚು ಯಾವುದನ್ನೂ ಬಿಡದೆ ಬಣ್ಣ ಹಚ್ಚಬೇಕು. ಕಣ್ಣಿಗೆ ಬೀಳದ ಅಂಚಿನಿಂದಲೇ ತೇವ ಒಳಗೆ ಹೋಗುವುದು.

ಬಣ್ಣದ ಆಯ್ಕೆಯಲ್ಲಿ ಅತ್ತಿಗುಂಡಿಯಂಥ ಊರಿಗೆ ಒಂದು ಮಾತು ಹೇಳಲೇಬೇಕು. ಎಣ್ಣೆ ಎನಾಮೆಲ್ ಅಗ್ಗ, ಗಟ್ಟಿ. ಆದರೆ ಬಿಸಿಲು ಕಾಣದ ಕೋಣೆಯಲ್ಲಿ ಅದರ ಬಿಳಿ ಬೇಗ ಹಳದಿಗೆ ತಿರುಗುತ್ತದೆ. ತಿಂಗಳುಗಟ್ಟಲೆ ಮಂಜು ಕವಿಯುವ, ಕಿಟಕಿ ಚಿಕ್ಕದಿರುವ ಅಡುಗೆಮನೆಗೆ ನೀರಿನ ಎನಾಮೆಲ್ ಲೇಸು. ದರ ತುಸು ಹೆಚ್ಚಾದರೂ ಹಳದಿಯಾಗುವುದಿಲ್ಲ, ವಾಸನೆಯೂ ಕಡಿಮೆ. ಮಸಿ ಕಾಣಬಾರದೆಂದು ಹಿಂದಿನವರು ಕಡು ಬಣ್ಣ ಬಳಿಯುತ್ತಿದ್ದರು. ಮುಖ್ಯ ಅಡುಗೆ ಗ್ಯಾಸಿನ ಮೇಲೆ ಆಗುವ ಮನೆಗೆ ಆ ಕತ್ತಲು ಬೇಕಿಲ್ಲ. ತಿಳಿ ಕೆನೆ, ತಿಳಿ ಹಸಿರು ಇರುವಷ್ಟು ಬೆಳಕನ್ನೇ ಹೆಚ್ಚಿಸಿ ಕೊಡುತ್ತವೆ. ಬೀಟೆ, ತೇಗ ಸುಸ್ಥಿತಿಯಲ್ಲಿದ್ದರೆ ಅದರ ಮೇಲೆ ಬಣ್ಣ ಬಳಿಯದೆ ತೊಳೆದು ಪಾಲಿಶ್ ಮಾಡುವುದೇ ಸರಿ. ಕುಟ್ಟೆ ಹಿಡಿದು ಪುಡಿಯುದುರುವ, ಗೆದ್ದಲು ತಿಂದು ಟೊಳ್ಳಾದ ಹಲಗೆಗೆ ಬಣ್ಣ ದಂಡ.

ಕಾಲ ಮಾತ್ರ ತಪ್ಪಬಾರದು. ಮಳೆಗಾಲದಲ್ಲಿ ಹಿಗ್ಗಿದ ಮರಕ್ಕೆ ಬಣ್ಣ ಹಚ್ಚಿದರೆ ಒಣಗುವುದೂ ಇಲ್ಲ, ಅಂಟುವುದೂ ಇಲ್ಲ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಫೆಬ್ರುವರಿ, ಮಾರ್ಚ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳುಗಳು. ತೋಟದ ಮನೆಯ ಜಗಲಿಯಲ್ಲಿ ಇಟ್ಟಿಗೆ ಜೋಡಿಸಿ ಬಾಗಿಲುಗಳನ್ನು ಮಲಗಿಸಿ ಹಚ್ಚಿದರೆ ಬಣ್ಣ ಸೋರುವುದಿಲ್ಲ. ದಪ್ಪಗೆ ಒಂದು ಕೋಟಿನ ಬದಲು ತೆಳ್ಳಗೆ ಎರಡು, ನಡುವೆ ಒಂದು ದಿನದ ಬಿಡುವು. ಮುಟ್ಟಿದರೆ ಅಂಟದಿದ್ದರೂ ಬಣ್ಣ ಒಳಗೆ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆ, ಸೋಪಿನ ನೀರು ತಾಕಿಸದಿರುವುದು ಒಳಿತು. ಹೂಮಳೆಗೆ ಮೊದಲೇ ಶುರು ಮಾಡಿದವರಿಗೆ ಮುಂಗಾರಿನ ಹೊತ್ತಿಗೆ ಗಟ್ಟಿ ಹೊದಿಕೆ ಸಿಕ್ಕಿರುತ್ತದೆ.

ಇದು ತೋಟದ ಮಾಲೀಕರ ಮನೆಗೆ, ಹೋಂಸ್ಟೇಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲೂ ಮೂಡಿಗೆರೆ, ಕಳಸದ ಕಡೆಯಲ್ಲೂ ದುಡಿಯುವ ಕುಟುಂಬಗಳು ಬದುಕುವುದು ಲೈನ್ ಮನೆಗಳಲ್ಲಿ. ಕಾರ್ಮಿಕರಿಗೆ ವಾಸಯೋಗ್ಯ ಮನೆ ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಅಲ್ಲಿ ಗೋಡೆಗೆ ಸುಣ್ಣ ಬಳಿದರೆ ರಿಪೇರಿ ಮುಗಿಯಿತು ಎಂಬ ಲೆಕ್ಕ ಸಾಲದು. ಒಲೆಯ ಪಕ್ಕದ ಹಲಗೆ, ಅಕ್ಕಿ ಬೇಳೆ ಇಡುವ ಪುಟ್ಟ ಕಪಾಟು ಬೂಷ್ಟು ಹಿಡಿದು ಹಾಗೇ ಉಳಿಯುತ್ತವೆ. ಅಂಥ ಒಂದು ಮನೆಗೆ ಅರ್ಧ ಲೀಟರ್ ಪ್ರೈಮರ್, ಒಂದು ಲೀಟರ್ ಎನಾಮೆಲ್ ಸಾಕು. ಕೊಯ್ಲು ಮುಗಿದ ಮೇಲೆ ತೋಟದ ಗೇಟು, ಗೋದಾಮಿನ ಬಾಗಿಲಿಗೆ ಬಣ್ಣ ತರಿಸುವ ಪಟ್ಟಿಯಲ್ಲಿ ಲೈನ್ ಮನೆಗಳ ಅಡುಗೆಕೋಣೆಯನ್ನೂ ಸೇರಿಸಬೇಕು. ಡಬ್ಬಿಯ ಮೇಲೆ ಸೀಸದ ಮಿತಿಯ ಉಲ್ಲೇಖ ಇದೆಯೇ ಎಂದು ನೋಡಿ ತರಬೇಕು, ಹಚ್ಚುವ ದಿನದ ಕೂಲಿಯನ್ನೂ ತೋಟವೇ ಕೊಡಬೇಕು.