ಹಾಜರಿಯ ಹಾಳೆಯೂ ಗುಂಪಿನ ಸಂದೇಶವೂ

ಗೋರ್ವಾದ ಕಾರಖಾನೆಗಳ ಗುಮಾಸ್ತರಾದ, ಹೋಟೆಲುಗಳಲ್ಲಿ ದುಡಿಯುವ ನಮ್ಮವರ ಹಾಜರಿಯು ಪುಸ್ತಕವನ್ನು ಬಿಟ್ಟು ಗೂಗಲ್ ಶೀಟ್ಸಿಗೆ ಏರುತ್ತಲಿದೆ. ೨೦೧೧ರಲ್ಲಿ ಆರಂಭವಾದ ಜ್ಯಾಪಿಯರ್‌ನಂಥ ಸೇವೆಗಳು ಆ ಹಾಳೆಗೂ ಸ್ಲ್ಯಾಕ್‌ನಂಥ ಸಂದೇಶದ ಗುಂಪಿಗೂ ಕೊಂಡಿ ಹಾಕುತ್ತವೆ. ಸಾಲೊಂದು ತುಂಬಿದರೆ ಸಂದೇಶವು ತಾನಾಗಿ ಹೊರಡುವುದು. ಅಕ್ಕಿ ತೀರುತ್ತ ಬಂತೆಂದು ಉಗ್ರಾಣದವನು ಕೂಗಬೇಕಾಗಿಲ್ಲ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಯಂತ್ರವು ಬರೆದುದನ್ನು ಸಾರೀತೇ ಹೊರತು, ಬರೆದುದು ಸರಿಯೇ ಎಂದು ಕೇಳದು. ಗುಮಾಸ್ತನ ಬೆರಳು ಒಂದು ಸಾಲು ಜಾರಿದರೆ, ಮುಂಜಾನೆ ೫ಕ್ಕೆ ಒಲೆ ಹಚ್ಚಿದ ಅಡಿಗೆಯವನು ಗೈರುಹಾಜರಾದನೆಂದು ಎಲ್ಲರಿಗೂ ಡಂಗುರವಾಗುತ್ತದೆ. ಪುಸ್ತಕದಲ್ಲಾಗಿದ್ದರೆ ಸಂಜೆಯೊಳಗೆ ಸದ್ದಿಲ್ಲದೆ ತಿದ್ದಬಹುದಿತ್ತು!

ಸಾಮಾನಿನ ಸುದ್ದಿ ಗುಂಪಿಗೆ ಹೋಗಲಿ; ಹಾಜರಿ, ಸಂಬಳಗಳದು ಸಂಬಂಧಪಟ್ಟವನೊಬ್ಬನಿಗೇ ಮುಟ್ಟಲಿ. ಅದಕ್ಕೆ ಆ ಏರ್ಪಾಡಿನಲ್ಲಿಯೇ ಅವಕಾಶವುಂಟು. ಸಂಬಳ ಕಡಿಯುವ ಮುನ್ನ ಮಾಲಿಕರು ಆ ಮನುಷ್ಯನನ್ನೇ ಒಮ್ಮೆ ಕರೆದು ಕೇಳಲಿ.