‘ಸುಸ್ಥಿತಿಯಲ್ಲಿದೆ’ ಎಂಬ ಸುಳ್ಳು

‘ಮರಗೆಲಸದ ಮಷೀನುಗಳು ಮಾರಾಟಕ್ಕಿವೆ. ಸುಸ್ಥಿತಿಯಲ್ಲಿವೆ. ಕೂಡಲೇ ಸಂಪರ್ಕಿಸಿ.’ ಪತ್ರಿಕೆಯ ವರ್ಗೀಕೃತ ಜಾಹೀರಾತು ಹೇಳುವುದು ಇಷ್ಟೇ. ಈಗ ಅದೇ ಸಾಲು ಮೊಬೈಲಿಗೂ ಬಂದಿದೆ, ಜೊತೆಗೆ ಹಸಿರು ಬಣ್ಣ ಬಳಿದ ಮಷೀನಿನ ಫೋಟೋ. ಯಾರ ಸುಸ್ಥಿತಿ? ಅದರ ಮುಂದೆ ಹತ್ತು ವರ್ಷ ನಿಂತು ದುಡಿದವನ ಬೆರಳುಗಳ ಸುಸ್ಥಿತಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಐಟಿಐನಲ್ಲಿ ಮರಗೆಲಸ ಕಲಿತ ನಮ್ಮ ಕೇರಿಯ ಹುಡುಗರಿಗೆ ಹಳೇ ಮಷೀನಿನ ಮೇಲೆ ಮೋಹವೇನಿಲ್ಲ. ಹೊಸದಕ್ಕೆ ಕಾಸಿಲ್ಲ. ಬ್ಯಾಂಕಿಗೆ ಹೋದರೆ ಡೀಲರನ ಕೊಟೇಶನ್ ತನ್ನಿ ಅಂತಾರೆ. ಬಾಗಿಲು ಮುಚ್ಚಿದ ವರ್ಕ್‌ಶಾಪಿನವನು ಎಲ್ಲಿಂದ ಕೊಟೇಶನ್ ಕೊಡ್ತಾನೆ? 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂದಿತು. ಅದರ 18 ಕಸುಬುಗಳಲ್ಲಿ ಮರಗೆಲಸವೂ ಒಂದು. ಹತಾರಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಕೇಳೋಕೆ ಚೆನ್ನ. ಆದರೆ ಮಾರ್ಗಸೂಚಿಯ ಭಾಷೆ ನೋಡಿ: ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು! ತಾತ ಜೀತಕ್ಕಿದ್ದ, ಅಪ್ಪ ಕೂಲಿಗೆ ಹೋದ, ಮಗ ಐಟಿಐ ಮುಗಿಸಿದ. ಇವನ ಕಸುಬು ಯಾವ ಕುಟುಂಬದ್ದು ಸ್ವಾಮೀ? ಕಸುಬಿಗೆ ಕುಲ ಅಂಟಿಸಿದ ಹಳೇ ಪಂಚಾಂಗವನ್ನೇ ಅರ್ಜಿ ನಮೂನೆ ಮಾಡಿದಿರಾ?

ಹೀಗಾಗಿ ಹುಡುಗರು ಕೈಸಾಲ ಎತ್ತಿ, ಫೋಟೋ ನಂಬಿ ಮುಂಗಡ ಕಳಿಸ್ತಾರೆ. ಕಳಿಸಬೇಡಿ. ಮಷೀನಿನ ಮುಂದೆ ಹೋಗಿ ನಿಲ್ಲಿ. ಮೋಟಾರಿನ ಮೇಲಿನ ತಗಡಿನ ಪಟ್ಟಿ ಓದಿ. 415 ವೋಲ್ಟಿನ ಮೂರು ಫೇಸಿನ ಮೋಟಾರನ್ನು ಒಂದೇ ಫೇಸಿರುವ ಮನೆಗೆ ತಂದರೆ ಅದು ಕೋಳಿ ಕೂರುವ ಕಟ್ಟೆಯಾಗುತ್ತದೆ, ಅಷ್ಟೇ. ಪ್ಲೇನರ್ ಆದರೆ ಕರೆಂಟು ತೆಗೆಸಿ, ಬೆಲ್ಟು ಬಿಚ್ಚಿಸಿ, ಅಲಗು ಕೂಡಿಸಿದ ಉರುಳೆಯ ಶಾಫ್ಟು ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಬೇರಿಂಗ್ ಹೋಗಿದೆ. ಹೊಸ ಬಣ್ಣ ಕಂಡಲ್ಲಿ ಬಿರುಕು ಹುಡುಕಿ. ಮರ ಕೊಟ್ಟು ಓಡಿಸಿ ತೋರಿಸು ಅನ್ನಿ. ದಿಮ್ಮಿ ಕುಯ್ಯುವ ಬ್ಯಾಂಡ್ ಸಾ ಆದರೆ ಇನ್ನೊಂದು ಬಲೆ: ಸಾಮಿಲ್ಲಿಗೆ ಅರಣ್ಯ ಇಲಾಖೆಯ ಲೈಸೆನ್ಸು ಬೇಕು. ಮಷೀನಿನ ಜೊತೆ ಲೈಸೆನ್ಸು ಲಾರಿ ಹತ್ತಿ ಬರುವುದಿಲ್ಲ.

ಇನ್ನು, ಗಾರ್ಡ್ ಎಲ್ಲಿ? ಸರ್ಕಲ್ ಗರಗಸದ ಹಲ್ಲು ಮುಚ್ಚುವ ಕವಚ, ಸೀಳಿದ ಮರ ಬ್ಲೇಡನ್ನು ಕಚ್ಚಿ ಎದೆಗೆ ಚಿಮ್ಮದಂತೆ ಹಿಂದೆ ನಿಲ್ಲುವ ತೆಳು ತಗಡು, ಇವೆಲ್ಲಿ? ‘ಅದಿಲ್ದೇನೂ ನಡೀತದೆ ಬಿಡ್ರೀ, ಕೆಲಸಕ್ಕೆ ಅಡ್ಡ’ ಅಂತಾನೆ ಮಾರುವವನು. ಯಾರ ಕೈ ಮೇಲೆ ನಡೀತದೆ? 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಅಪಾಯದ ಭಾಗಗಳಿಗೆ ರಕ್ಷಣೆಯ ಬೇಲಿ ಇರಲೇಬೇಕು ಅಂದಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಸಾಮಾನ್ಯವಾಗಿ 10 ಜನ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆ. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಆ 10ನ್ನು 20 ಮಾಡಿತು. ಮೂವರಿರುವ ಶೆಡ್ಡಿನಲ್ಲಿ ಬ್ಲೇಡು ತಲೆ ಎಣಿಸಿ ಕುಯ್ಯುತ್ತದೆಯೇ? ದೊಡ್ಡ ಕಾರ್ಖಾನೆ ಕಳಚಿ ಹಾಕಿದ ಮಷೀನು ಕಾಯ್ದೆ ಮುಟ್ಟದ ಶೆಡ್ಡಿಗೆ ಇಳಿಯುವ ದಾರಿಯೇ ಈ ಜಾಹೀರಾತು.

ನಾವು ಕೇಳುವುದು ಭಿಕ್ಷೆಯಲ್ಲ. ಸೆಕೆಂಡ್ ಹ್ಯಾಂಡ್ ಮಷೀನಿಗೂ ಬ್ಯಾಂಕು ಸಾಲ ಕೊಡಲಿ. ಐಟಿಐ ಶಿಕ್ಷಕರು ಪರೀಕ್ಷಿಸಿ ಬರೆದುಕೊಟ್ಟ ಚೀಟಿಯನ್ನೇ ಕೊಟೇಶನ್ ಎಂದು ಒಪ್ಪಲಿ. ಗಾರ್ಡಿಲ್ಲದ ಮಷೀನಿನ ಮಾರಾಟ ನಿಲ್ಲಿಸಲಿ. ಅಲ್ಲಿಯವರೆಗೆ ಒಬ್ಬನೇ ಹುಡುಗ ನೋಡಲು ಹೋಗುವುದು ಬೇಡ. ಮೋಟಾರು ಬಲ್ಲವನೊಬ್ಬ, ಕಾಗದ ಓದಬಲ್ಲವನೊಬ್ಬ ಜೊತೆಗಿರಲಿ. ಊರಿನ ಮೇಷ್ಟ್ರು ಭಾನುವಾರ ಹೇಗೂ ಬಿಡುವಾಗಿರ್ತಾರೆ.